ಹಿತ್ತಾಳೆ ನಕ್ಷತ್ರ

ಚಾಪೆಗೆ ಕೆನ್ನೆ ಹಚ್ಚಿ ನೋಡಿದರೆ ಕೋಣೆ ಬೇರೆಯೇ ಒಂದು ಊರಿನ ಹಾಗೆ ಕಾಣುತ್ತದೆ. ಹುಲ್ಲಿನ ಹೆಣಿಗೆಯ ಸಾಲುಗಳು ಗದ್ದೆಯ ಬದುಗಳಂತೆ ದೂರದವರೆಗೆ ಹೋಗಿ ಗೋಡೆಯ ಬುಡದಲ್ಲಿ ಮುಗಿಯುತ್ತವೆ. ಉದುರಿದ ಕೂದಲೊಂದು ಕಂಬದಿಂದ ಕಡಿದುಬಿದ್ದ ತಂತಿ, ಅನ್ನದ ಒಣಗಿದ ಅಗುಳೊಂದು ಬಂಡೆ. ಆ ಊರಿನಲ್ಲಿ ಎಲ್ಲಿಯೋ ಒಂದು ಹಿತ್ತಾಳೆಯ ನಕ್ಷತ್ರ ಬಿದ್ದಿತ್ತು. ಐದು ಮೂಲೆಯದು, ಎಳ್ಳಿಗಿಂತ ತುಸು ದೊಡ್ಡದು. ಈಗಷ್ಟೇ ಚಿಮಟದ ತುದಿಯಲ್ಲಿತ್ತು. ಬೆನ್ನಿಗೆ ಅಂಟು ಹಚ್ಚಿ, ತಾನು ಜೋಡಿಸುತ್ತಿದ್ದ ಪುಟ್ಟ ಮಾದರಿ ಯುದ್ಧಟ್ಯಾಂಕಿನ ಮೂತಿಯ ಮೇಲೆ ಇಡಬೇಕೆಂದು ಇಸಾಮು ಉಸಿರು ಬಿಗಿಹಿಡಿದಿದ್ದ. ಟಿಕ್ ಎಂದಿತು, ಚಿಮಟದಲ್ಲಿ ಏನೂ ಇರಲಿಲ್ಲ. ಉದಾಸೀನವಾಗಿ ಹಿಡಿದಾಗ ಇಂಥವು ಎಂದೂ ಹಾರುವುದಿಲ್ಲ. ಉಸಿರು ಬಿಗಿಹಿಡಿದಾಗಲೇ ಹಾರುತ್ತವೆ. ಹೆಂಡತಿ ಸುಮಿಯೆ ಇದ್ದಾಗ ಇದೊಂದು ಕಷ್ಟವೇ ಆಗಿರಲಿಲ್ಲ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ತನ್ನ ಹಳೆಯ ತೆಳು ಕಾಲುಚೀಲವನ್ನು ಕಸ ಎಳೆಯುವ ಯಂತ್ರದ ಬಾಯಿಗೆ ಕಟ್ಟಿ ಒಂದು ಸುತ್ತು ಎಳೆಯುತ್ತಿದ್ದಳು, ಕಳೆದುಹೋದ ದೀಪವೋ ಹಿಡಿಕೆಯೋ ಬಲೆಗೆ ಬಿದ್ದ ಮೀನಿನ ಹಾಗೆ ಅದಕ್ಕೆ ಅಂಟಿಕೊಂಡಿರುತ್ತಿತ್ತು. "ಇಲ್ಲೇ ಇದೆಯಲ್ಲ" ಎನ್ನುವಳು, ಅಷ್ಟೇ. ಅವಳು ಹೋದಮೇಲೆ ಆ ಯಂತ್ರ ಇದೆ, ಕಾಲುಚೀಲಗಳೂ ಪೆಟ್ಟಿಗೆಯಲ್ಲಿವೆ, ಅವನಿಗೆ ಆ ಪೆಟ್ಟಿಗೆ ತೆರೆಯಲು ಮನಸ್ಸಾಗಿಲ್ಲ. ಹೀಗಾಗಿ ಅವನ ಈಚಿನ ಟ್ಯಾಂಕುಗಳೆಲ್ಲ ಒಂದೊಂದು ಅಂಗ ಊನವಾಗಿಯೇ ಇವೆ.

"ಅಪ್ಪಾ, ಏನ್ ಮಾಡ್ತಿದ್ದೀಯ?"

ಬಾಗಿಲಲ್ಲಿ ಮಗಳು ನಾಗಿಸಾ. ಕೆಳಗಿನಿಂದ ಕಂಡದ್ದು ಅವಳ ಹೊಸ ಬಿಳಿ ಕಾಲುಚೀಲ ಮಾತ್ರ.

"ನೆಲ ಒರೆಸ್ತಿದ್ದೀನಿ."

"ಕೆನ್ನೇಲಾ?"

ಅವನು ಎದ್ದು ಕೂತ. ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು.

"ಅವ್ರು ಇನ್ನೇನು ಬಂದ್ಬಿಡ್ತಾರೆ. ಆ ಟ್ಯಾಂಕು, ಬಣ್ಣದ ಡಬ್ಬಿ, ಎಲ್ಲಾ ಗೋಡೆಬೀರು ಒಳಗೆ ಹೋಗ್ಲಿ. ಮಾತು ಕೊಟ್ಟಿದ್ದೀಯ, ನೆನಪಿದೆ ತಾನೆ? ಇವತ್ತೊಂದು ದಿವ್ಸ ನಿನ್ನ ಬಾಯಿಂದ ಟ್ಯಾಂಕ್ ಅನ್ನೋ ಮಾತು ಬರಬಾರದು."

"ಬರಲ್ಲ."

"ಬೇರೆ ವೇಷದಲ್ಲೂ ಬರಬಾರದು. ಉಕ್ಕು, ಸರಪಳಿ, ಮಣ್ಣು, ಯಾವುದೂ."

"ಮಣ್ಣೂ ಬೇಡ್ವಾ?"

"ಅಪ್ಪಾ."

ಅವಳು ಸಿಟ್ಟಾಗಿರಲಿಲ್ಲ, ಹೆದರಿದ್ದಳು. ಅದು ಅವನಿಗೆ ಗೊತ್ತಾಗಿದ್ದೇ ಕಷ್ಟವಾಯಿತು. ಶುಹೇಯಿಯ ಜೊತೆ ಓಡಾಡಲು ಶುರುಮಾಡಿ ಬಹಳ ಕಾಲವಾಯಿತು, ಅವನ ತಾಯಿ ಒಪ್ಪಿದ್ದಾಳೆ, ಆದರೆ ಅವನ ತಂದೆ, ಬೆಟ್ಟದ ಮೇಲಿನ ಟೀ ಮನೆತನದ ಯಜಮಾನ ಕುರೆಬಯಾಶಿ, ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಆ ಮನುಷ್ಯ ಇಡೀ ದಿನ ಟೀ ಬಾಯಿಗೆ ಹಾಕಿಕೊಂಡು ರುಚಿ ನೋಡಿ ಉಗುಳುವ ಕೆಲಸದವರು, ಮಾತಿಗೆಂದು ಬಾಯಿ ತೆರೆಯುವುದೇ ಅಪರೂಪವಂತೆ. ಇವತ್ತು ಅವರೇ ಹೇಳಿಕಳಿಸಿದ್ದರು: ಹೊರಗೆ ಊಟದ ಮನೆಯಲ್ಲಿ ಕೂಡುವ ಮೊದಲು ಹುಡುಗಿಯ ತಾಯಿಗೆ ಊದುಬತ್ತಿ ಹಚ್ಚಬೇಕು, ಆ ಮನೆ ನೋಡಬೇಕು, ಆಮೇಲೆ ಮಾತು. "ಅವ್ರು ಬೇಡ ಅಂದ್ರೂ ಶುಹೇಯಿ ನನ್ನ ಮದುವೆ ಆಗ್ತಾನೆ, ಆದ್ರೆ ಬೇಡ ಅಂದ ಮನೇಲಿ ಪ್ರತಿ ಹೊಸವರ್ಷಕ್ಕೂ ಹೋಗಿ ನಗ್ತಾ ಕೂರೋಕೆ ನನ್ ಕೈಲಾಗಲ್ಲ ಅಪ್ಪಾ" ಎಂದು ಮೊನ್ನೆ ಪಾತ್ರೆ ತೊಳೆಯುತ್ತ ಬೆನ್ನು ಹಾಕಿಕೊಂಡೇ ಹೇಳಿದ್ದಳು. ಅವಳು ಮಾತು ತೆಗೆದುಕೊಂಡದ್ದಕ್ಕೆ ಕಾರಣವೂ ಇತ್ತು. ಅಣ್ಣನ ಮಗಳ ಮದುವೆಯಲ್ಲಿ ಎರಡು ಮಾತಾಡಿ ಎಂದು ಇಸಾಮುವನ್ನು ಎಬ್ಬಿಸಿ ನಿಲ್ಲಿಸಿದ್ದರು. ಗಂಡ ಹೆಂಡತಿ ಟ್ಯಾಂಕಿನ ಎಡ ಬಲದ ಸರಪಳಿಗಳಿದ್ದ ಹಾಗೆ, ಒಂದೇ ವೇಗದಲ್ಲಿ ಹೋದರೆ ಮುಂದೆ ಹೋಗುತ್ತೀರಿ, ಒಂದು ಓಡಿ ಇನ್ನೊಂದು ನಿಂತರೆ ನಿಂತಲ್ಲೇ ಗಿರಗಿರ ತಿರುಗುತ್ತೀರಿ ಎಂದ. ಜನ ನಕ್ಕರು. ಅಲ್ಲಿಗೇ ಕೂತಿದ್ದರೆ ಆಗುತ್ತಿತ್ತು. ಸರಪಳಿಯ ಕೊಂಡಿ ಸವೆದಾಗ ಒಂದೊಂದೇ ಕೊಂಡಿ ಹೇಗೆ ತೆಗೆಯುತ್ತಾರೆ ಎಂಬುದಕ್ಕೆ ಹೋದ, ಬಿಸಿ ಸಾರು ಆರಿತು, ಮದುಮಗನ ಅಜ್ಜಿ ಜೋರಾಗಿ "ಯುದ್ಧ ಮುಗೀಲಿಲ್ವಾ ಇನ್ನೂ?" ಎಂದು ಕೇಳಿದಳು.

ಅವನು ಟ್ಯಾಂಕನ್ನು ಎರಡು ಅಂಗೈಯಲ್ಲಿ ಎತ್ತಿ ಗೋಡೆಬೀರುವಿನಲ್ಲಿ ಹಾಸಿಗೆಗಳ ನಡುವೆ ಇಟ್ಟ. ನಾಳೆ ಬೆಳಗಾದರೆ ಮಾದರಿಗಳ ಪ್ರದರ್ಶನ. ಊರೂರಿನ ಕೂಟಗಳು ಮೇಜು ಹಾಕಿ ಕೂರುತ್ತವೆ. ಅವನ ಕೂಟದ ಮುದುಕರು ಮೊದಲು ಟ್ಯಾಂಕಿನ ಮೂತಿ ನೋಡುತ್ತಾರೆ, ನಕ್ಷತ್ರವಿಲ್ಲದ್ದು ಕಂಡು ಒಬ್ಬರಿಗೊಬ್ಬರು ಏನೂ ಹೇಳದೆ ಮುಂದಿನ ಮೇಜಿಗೆ ಹೋಗುತ್ತಾರೆ. ಹೇಳಿದರೂ ತಡೆದುಕೊಳ್ಳಬಹುದು, ಹೇಳದೆ ಹೋಗುವುದನ್ನು ತಡೆದುಕೊಳ್ಳಲಾಗದು. ಅವನ ಟ್ಯಾಂಕಿಗೆ ಮೊದಲೇ ಒಂದು ಕೆಟ್ಟ ಹೆಸರಿತ್ತು, ಅದು ನಿಜದಂತೆ ಕಾಣಲೆಂದು ಬಳಿಯುವ ಮಣ್ಣಿನದು. ಜೀವಮಾನವಿಡೀ ಮೀನಿನ ಡಬ್ಬಿಗಳ ಮೇಲೆ ಚೀಟಿ ಸೊಟ್ಟ ಅಂಟಿದೆಯೇ ಎಂದು ನೋಡುವ ಕೆಲಸ ಮಾಡಿದ ಕೈ, ಕೊಳೆ ಮಾಡು ಎಂದರೂ ಸಾಲಾಗಿ, ನೇರವಾಗಿ ಮಾಡುತ್ತಿತ್ತು. "ಮೊಚಿಜುಕಿಯವರೇ, ಇಷ್ಟು ಚೊಕ್ಕ ಮಣ್ಣು ನಿಮಗೆ ಎಲ್ಲಿ ಸಿಗುತ್ತೆ?" ಎಂದು ಕೂಟದ ಹಿರಿಯನೊಬ್ಬ ಅವನ ಮನೆತನದ ಹೆಸರು ಹಿಡಿದು ಎಲ್ಲರೆದುರು ಕೇಳಿದ್ದ. ಅಂಥ ಹೊತ್ತಿಗೆ ಇಸಾಮು ಮನಸ್ಸಿನಲ್ಲೇ ಎದುರಿಗಿದ್ದವನನ್ನು ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಸುತ್ತಾನೆ, ಟ್ಯಾಂಕಿನ ಅಳತೆಗೆ. ಹಿರಿಯ ಹೆಬ್ಬೆರಳಿನಷ್ಟಾಗಿ ಕೈ ಆಡಿಸುತ್ತ ಏನೋ ಕಿಚಿಗುಟ್ಟುತ್ತಾನೆ, ನೋವು ಅಷ್ಟಕ್ಕೆ ಇಳಿಯುತ್ತದೆ. ಈ ಸಲವಾದರೂ ಕೊಳೆ ಕೊಳೆಯ ಹಾಗಿರಬೇಕೆಂದು ಬಹಳ ಒದ್ದಾಡಿದ್ದ. ಅದರಲ್ಲೂ ಇದು ಶತ್ರು ಸಮುದ್ರದಿಂದ ಬಂದಿಳಿದರೆ ಎದುರಿಸಲೆಂದು ದಂಡೆಯ ಹಿಂದಿನ ಕಾಡಿನಲ್ಲಿ ನಿಲ್ಲಿಸಿಟ್ಟಿದ್ದ ಟ್ಯಾಂಕು. ಶತ್ರು ಬರುವ ಮೊದಲೇ ಯುದ್ಧ ಮುಗಿಯಿತು, ಇದು ಒಂದು ಗುಂಡೂ ಹಾರಿಸದೆ ಗುಜರಿಗೆ ಹೋಯಿತು. ಎಲ್ಲಿಗೂ ಹೋಗದಿದ್ದದ್ದಕ್ಕೆ ಎಷ್ಟು ಕೆಸರು ಬಳಿಯುವುದು? ರಾತ್ರಿ ಮಲಗಿದಾಗ ಈ ಪ್ರಶ್ನೆ ಟ್ಯಾಂಕನ್ನು ಬಿಟ್ಟು ಅವನ ಕಡೆಗೇ ತಿರುಗುತ್ತಿತ್ತು. ಆಗ ಅವನು ಮಗ್ಗುಲು ಬದಲಿಸುತ್ತಿದ್ದ. ಕೊನೆಗೆ ಸರಿಯಾದ ಮಣ್ಣು ಸಿಕ್ಕಿದ್ದು ಅಡುಗೆಮನೆಯ ಡಬ್ಬಿಯಲ್ಲಿ. ಕಳೆದ ವರ್ಷ ಕುರೆಬಯಾಶಿಯವರ ಮನೆಯಿಂದ ಉಡುಗೊರೆ ಬಂದಿದ್ದ ಟೀ. ಹುಡಿ ಮಾಡಿ, ಸುಣ್ಣದ ಪುಡಿ, ಕಂದು ಬಣ್ಣ ಸೇರಿಸಿ ಕಲಸಿದರೆ ಕಾಡಿನ ನೆಲವೇ. ಬಣ್ಣ ಚೆನ್ನಾಗಿ ಕೂತಿತೆಂದು ಇಡೀ ಡಬ್ಬಿ ಮುಗಿಸಿದ್ದ. ಒಂದು ಲೋಟವೂ ಕುಡಿದಿರಲಿಲ್ಲ.

ಬಾಗಿಲಲ್ಲಿ ದನಿಗಳು ಕೇಳಿದವು. ಬೂಟು ಬಿಚ್ಚುವ ಸದ್ದು, "ಬೇಡ ಬೇಡ, ನೀವು ಮೊದಲು" ಎನ್ನುವ ಸದ್ದು. ಮೊದಲು ಒಳಗೆ ಬಂದದ್ದು ಶುಹೇಯಿಯ ತಾಯಿ ಫುಸಾಯೆ. ಗುಂಡಗೆ, ಕೈಯಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ, ಕೂರುವ ಮೊದಲೇ ಅರ್ಧ ಮಾತು ಮುಗಿದಿತ್ತು. ಹಿಂದೆ ಶುಹೇಯಿ, ನೆತ್ತಿಗೆ ನೀರು ಹಚ್ಚಿ ಕೂದಲು ಕೂರಿಸಿಕೊಂಡಿದ್ದ. ಕೊನೆಗೆ ಕುರೆಬಯಾಶಿ. ಉದ್ದನೆಯ ಮನುಷ್ಯ, ಕರಿ ಕೋಟು, ಕರಿ ಕಾಲುಚೀಲ, ದೊಡ್ಡ ಮೂಗು. ಚಾಪೆಯ ಮೇಲೆ ಆ ಕರಿ ಕಾಲುಚೀಲ ಒಂದೊಂದು ಹೆಜ್ಜೆ ಇಡುವಾಗಲೂ ಇಸಾಮುವಿನ ಎದೆ ಆ ಹೆಜ್ಜೆಯ ಕೆಳಗೆ ಇತ್ತು.

"ಈ ಸಲದ ಹೊಸ ಚಿಗುರು" ಎಂದು ಫುಸಾಯೆ ಪೆಟ್ಟಿಗೆ ಮುಂದಕ್ಕೆ ತಳ್ಳಿದಳು. "ಹೋದ ವರ್ಷದ್ದು ಹೇಗಿತ್ತು? ಏನೂ ಹೇಳ್ಲೇ ಇಲ್ಲ ನೀವು."

"ಬಣ್ಣ ಬಹಳ ಚೆನ್ನಾಗಿತ್ತು" ಎಂದ ಇಸಾಮು, ಮನಸಾರೆ. "ಒಣಗಿದ ಮೇಲೂ ಹಾಗೇ ಇತ್ತು."

ನಾಗಿಸಾಳ ಕೈಯಲ್ಲಿದ್ದ ಲೋಟ ತಟ್ಟೆಗೆ ತಗುಲಿ ಸದ್ದಾಯಿತು.

"ಒಣಗಿದ ಮೇಲೆ?" ಎಂದಳು ಫುಸಾಯೆ.

"ಲೋಟದ ತಳದಲ್ಲಿ, ಅಮ್ಮಾ" ಎಂದಳು ನಾಗಿಸಾ. "ಅಪ್ಪನಿಗೆ ಲೋಟದ ತಳದ ಬಣ್ಣ ನೋಡೋ ಅಭ್ಯಾಸ."

ಕುರೆಬಯಾಶಿಯ ಮೂಗು ನಿಧಾನವಾಗಿ ಗೋಡೆಬೀರುವಿನ ಕಡೆಗೆ ತಿರುಗಿತು. ಒಮ್ಮೆ ವಾಸನೆ ಎಳೆದರು. ಇನ್ನೊಮ್ಮೆ ಎಳೆದರು.

"ಬಣ್ಣ" ಎಂದರು.

"ನಾನು ಉಗುರಿಗೆ ಹಚ್ಚಿದ್ದೆ" ಎಂದಳು ನಾಗಿಸಾ. ಅವಳ ಉಗುರುಗಳು ಬೋಳಾಗಿದ್ದವು; ಅವನ್ನು ಮೆಲ್ಲಗೆ ಅಂಗೈಯೊಳಗೆ ಮಡಚಿಕೊಂಡದ್ದನ್ನು ಇಸಾಮು ನೋಡಿದ. ಮಗಳು ತನಗಾಗಿ ಸುಳ್ಳು ಹೇಳುವುದನ್ನು ನೋಡುತ್ತ ಕೂರುವ ತಂದೆ ಮೂವತ್ತೈದರಲ್ಲಿ ಒಂದು ಪಾಲಿಗೂ ಸಣ್ಣವನು.

"ಟೀ" ಎಂದರು ಕುರೆಬಯಾಶಿ, ಇನ್ನೂ ಬೀರುವಿನ ಕಡೆಗೇ. "ಹಳೇದು. ಜೊತೆಗೆ ಏನೋ ಕಲಬೆರಕೆ."

"ಇವರ ಮೂಗು ಹಾಗೇ ರೀ, ತಪ್ಪು ತಿಳೀಬೇಡಿ" ಎಂದಳು ಫುಸಾಯೆ. "ನೆಂಟರ ಮನೆಗೆ ಹೋದ್ರೂ ಮನೆಯಲ್ಲಿ ಬಿಟ್ಟು ಬರಲ್ಲ. ನಮ್ಮ ಮದುವೆ ದಿವ್ಸ ನಮ್ಮಪ್ಪನ ಹತ್ರ, ನಿಮ್ಮ ಅಕ್ಕಿಗೆ ಮುಗ್ಗು ಹಿಡಿದಿದೆ ಅಂದ್ರು. ಏಳಿ, ಊದುಬತ್ತಿ ಹಚ್ಚಿ, ಆಮೇಲೆ ಮೂಸೋರಂತೆ."

ಕುರೆಬಯಾಶಿ ಎದ್ದು ಬುದ್ಧನ ಗೂಡಿನ ಮುಂದೆ ಹೋಗಿ, ಮಂಡಿಯೂರಿ, ಹಿಮ್ಮಡಿಯ ಮೇಲೆ ಕೂತರು. ಬೆಂಕಿಕಡ್ಡಿ ಗೀರಿತು. ಗಂಟೆಬಟ್ಟಲಿನ ನಾದ ಎದ್ದು, ತೆಳ್ಳಗಾಗುತ್ತ ಹೋಯಿತು. ಪಟದೊಳಗಿಂದ ಸುಮಿಯೆ ಯಾವಾಗಿನ ಹಾಗೆ, ಏನೋ ಕಳೆದುಹೋದದ್ದು ಕಂಡವಳ ಹಾಗೆ, ನೋಡುತ್ತಿದ್ದಳು. ಇಸಾಮು ಅವಳ ದೃಷ್ಟಿ ತಪ್ಪಿಸಲು ಕಣ್ಣು ತಗ್ಗಿಸಿದ. ತಗ್ಗಿಸಿದಲ್ಲಿ ಕುರೆಬಯಾಶಿಯ ಎರಡು ಅಂಗಾಲುಗಳು ಮೇಲ್ಮುಖವಾಗಿ, ಪಕ್ಕಪಕ್ಕದಲ್ಲಿ, ಕರಿ ಕಾಲುಚೀಲದಲ್ಲಿ ಮಲಗಿದ್ದವು. ಬಲ ಅಂಗಾಲಿನ ಹೆಬ್ಬೆರಳಿನ ಬುಡದಲ್ಲಿ ನಕ್ಷತ್ರ ಹೊಳೆಯುತ್ತಿತ್ತು.

ಅವನಿಗೆ ಮೊದಲು ಆದದ್ದು ಸಂತೋಷ, ನಾಚಿಕೆಯಿಲ್ಲದ ಸಂತೋಷ. ಅಂಟು ಹಸಿಯಿದ್ದಾಗಲೇ ಹಾರಿತ್ತಲ್ಲ, ನೂಲಿಗೆ ಹಿಡಿದುಕೊಂಡಿದೆ. ಒಂದು ಮೂಲೆಯೂ ಬಾಗಿಲ್ಲ. ಕರಿಯ ಮೇಲೆ ಎಷ್ಟು ಚೆಂದ ಕಾಣುತ್ತದೆ. ಆಮೇಲೆ ಹೆದರಿಕೆ ಬಂತು. ಇವರು ಏಳುತ್ತಾರೆ, ಬೂಟಿನೊಳಗೆ ಕಾಲು ತೂರಿಸುತ್ತಾರೆ, ಊಟದ ಮನೆಯವರೆಗೆ ಆ ಉದ್ದನೆಯ ದೇಹದ ಭಾರವೆಲ್ಲ ಅದರ ಮೇಲೆ. ಕೇಳಿಬಿಡಲೇ? ದಯವಿಟ್ಟು ಅಲ್ಲಾಡಬೇಡಿ, ನಿಮ್ಮ ಕಾಲಿನಲ್ಲಿ ನನ್ನದೊಂದು. ನನ್ನದೊಂದು ಏನು? ಅದಕ್ಕೆ ಇರುವ ಒಂದೇ ಉತ್ತರವನ್ನು ಹೇಳುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದ. ಫುಸಾಯೆ ಶುಹೇಯಿಯ ಕೊರಳಪಟ್ಟಿ ಸರಿಮಾಡುತ್ತಿದ್ದಳು. ನಾಗಿಸಾ ಕಣ್ಣು ಮುಚ್ಚಿ ಕೈ ಜೋಡಿಸಿದ್ದಳು. ಇಸಾಮು ಮಂಡಿಯ ಮೇಲೆ ಒಂದು ಗೇಣು ಮುಂದೆ ಸರಿದ. ಇನ್ನೊಂದು ಗೇಣು. ಹತ್ತಿರದಿಂದ ನೋಡಬೇಕೆಂದು ಬಾಗಿದ, ಬಾಗಿದ ಮೇಲೆ ಇನ್ನಷ್ಟು ಬಾಗುವುದೇ ಸುಲಭವಾಯಿತು. ಚಿಮಟ ಹಿಡಿದೂ ಹಿಡಿದೂ ಪಳಗಿದ ಎರಡು ಬೆರಳುಗಳು ಚಾಪೆಯ ಮೇಲೆ ಏಡಿಯ ಹಾಗೆ ನಡೆದವು. ಮೂಗಿಗೆ ಕಾಲುಚೀಲದ ಸೋಪಿನ ವಾಸನೆ ಬಂತು. ಆ ಅಂಗಾಲಿನ ಬೆರಳುಗಳು ವಿಚಿತ್ರವಾಗಿ ನಡುಗುತ್ತಿದ್ದವು.

ಅಷ್ಟರಲ್ಲಿ ಅಂಗಾಲುಗಳು ಮಾಯವಾದವು. ಕುರೆಬಯಾಶಿ ಕೂತಲ್ಲೇ ತಿರುಗಿದ್ದರು. ಇಸಾಮುವಿನ ಮುಂದೆ ಈಗ ಇದ್ದದ್ದು ಅವರ ಮಂಡಿಗಳು. ಹಣೆ ಚಾಪೆ ಮುಟ್ಟಿತ್ತು, ಕೈಗಳು ಮುಂದಕ್ಕೆ ಚಾಚಿದ್ದವು, ತಲೆ ಎತ್ತಿದರೆ ಏನು ಹೇಳುವುದೆಂದು ತಿಳಿಯದೆ ಅವನು ಹಾಗೇ ಇದ್ದ. ಮೇಲಿನಿಂದ ಧಪ್ ಎಂದು ಏನೋ ಇಳಿದು ಬಂತು, ನೋಡಿದರೆ ಅವರ ತಲೆ. ಕುರೆಬಯಾಶಿಯೂ ಹಣೆ ನೆಲಕ್ಕೆ ಹಚ್ಚಿದ್ದರು. ಇಬ್ಬರ ನೆತ್ತಿಗಳೂ ತಗಲುವಷ್ಟು ಹತ್ತಿರ. ಅದನ್ನು ಕಂಡು ಫುಸಾಯೆ "ಅಯ್ಯೋ" ಎಂದು ಬಗ್ಗಿದಳು. ಶುಹೇಯಿ ಬಗ್ಗಿದ. ನಾಗಿಸಾ ಕೂಡ. ಇಂಥಲ್ಲಿ ಮೊದಲು ತಲೆ ಎತ್ತಿದವನೇ ಮರ್ಯಾದೆಯಲ್ಲಿ ಹಗುರಾಗುತ್ತಾನೆ. ಇಸಾಮು ಕಾದ, ಅವರೂ ಕಾದರು.

"ನಾನು" ಎಂದಿತು ಚಾಪೆಗೆ ಹತ್ತಿದ ಕುರೆಬಯಾಶಿಯ ದನಿ, "ನಿಮ್ಮನ್ನು ಬಿಗುಮಾನದವರು ಅಂದ್ಕೊಂಡಿದ್ದೆ. ಟೀ ಕಳಿಸಿದ್ವಿ. ರುಚಿ ಹೇಗಿತ್ತು ಅಂತ ಒಂದು ಮಾತು ಬರ್ಲಿಲ್ಲ. ರುಚಿ ಹೇಳದ ಮನೆಯಿಂದ ಹೆಣ್ಣು ಹೇಗೆ ತರೋದು ಅಂತ... ನೀವು ಇಷ್ಟು ತಗ್ಗಿದ್ಮೇಲೆ ನಾನು ಏನ್ ಹೇಳ್ಲಿ. ಹುಡುಗಿ ನಮ್ಮನೆಗೆ ಬರ್ಲಿ."

ಫುಸಾಯೆ ಆಮೇಲೆ ಹೇಳಿದಳು, ಮದುವೆಯಾದಂದಿನಿಂದ ಅಷ್ಟು ಮಾತನ್ನು ಒಟ್ಟಿಗೆ ಕೇಳಿದ್ದು ಅದೇ ಮೊದಲು ಎಂದು. ನಾಗಿಸಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಅಪ್ಪಾ, ಥ್ಯಾಂಕ್ಸ್" ಎಂದು ಅವನ ತೋಳು ಹಿಡಿದು ಎಬ್ಬಿಸಿದಳು, ಅವಳು ಹಾಗೆ ಅವನ ತೋಳು ಹಿಡಿದು ಎಷ್ಟು ಕಾಲವಾಗಿತ್ತೋ. ಆ ಹಿಡಿತ ಅವನದಾಗಿರಲಿಲ್ಲ. ಇಲ್ಲದ ಒಬ್ಬ ತಂದೆಗೆ, ಮಗಳಿಗಾಗಿ ಹಣೆ ನೆಲಕ್ಕಿಟ್ಟವನಿಗೆ, ಸಲ್ಲಬೇಕಾದದ್ದು. ಇವನು ಅವನ ಅಂಗಿ ತೊಟ್ಟು ನಿಂತು ಸ್ವೀಕರಿಸುತ್ತಿದ್ದ. ಬಾಗಿಲ ಬಳಿ ಕುರೆಬಯಾಶಿ ಗೋಡೆ ಹಿಡಿದು ಬಲಗಾಲನ್ನು ಎತ್ತಿದರು. ನಕ್ಷತ್ರ ಒಮ್ಮೆ ಮಿನುಗಿತು. ಇಸಾಮು ಬಾಯಿ ತೆರೆದ.

"ಏನು?" ಎಂದರು ಅವರು, ಈಗ ಮೆತ್ತಗೆ.

ನಾಗಿಸಾ ನೋಡುತ್ತಿದ್ದಳು.

"ಹವಾ ಚೆನ್ನಾಗಿದೆ" ಎಂದ ಇಸಾಮು. ಕಾಲು ಬೂಟಿನೊಳಗೆ ಹೋಯಿತು.

ಹಾವುಮೀನಿನ ಊಟದ ಮನೆ ಹತ್ತಿರವೇ ಇತ್ತು, ನಡೆದೇ ಹೋದರು. ಕುರೆಬಯಾಶಿ ಕುಂಟುತ್ತಿದ್ದರು. ಮೊದಲು ಸ್ವಲ್ಪ, ಸೇತುವೆಯ ಹತ್ತಿರ ಹೆಚ್ಚು. ಪ್ರತಿ ಕುಂಟುಹೆಜ್ಜೆಗೂ ಇಸಾಮುವಿನ ಒಳಗೆ ಒಂದು ಹಿತ್ತಾಳೆಯ ಮೂಲೆ ಮಡಚಿಕೊಳ್ಳುತ್ತಿತ್ತು, ಮತ್ತು ಆ ಮನುಷ್ಯನ ಕಾಲಿಗಿಂತ ಮೂಲೆಯ ಬಗ್ಗೆಯೇ ತನಗೆ ಹೆಚ್ಚು ಮರುಕ ಎಂಬುದು ಗೊತ್ತಾಗಿ ಇನ್ನಷ್ಟು ಹೇಸಿಗೆಯಾಗುತ್ತಿತ್ತು. "ವಯಸ್ಸಾಯ್ತು ಇವರಿಗೆ" ಎಂದಳು ಫುಸಾಯೆ. ಊಟದ ಮನೆಯ ಹುಲ್ಲುಚಾಪೆಯ ಕೋಣೆಯಲ್ಲಿ ಮತ್ತೆ ಬೂಟು ಬಿಚ್ಚಿ ಕೂತಾಗ ಕುರೆಬಯಾಶಿ "ಕ್ಷಮಿಸಿ" ಎಂದು ಗೋಡೆಯ ಕಡೆ ತಿರುಗಿ ಕಾಲುಚೀಲ ಕಳಚಿದರು. ಬಹಳ ಹೊತ್ತು ಬೆನ್ನು ಕಾಣುತ್ತಿತ್ತು. ತಿರುಗಿದಾಗ ಅವರ ಉಗುರಿನ ತುದಿಯಲ್ಲಿ ಅದು ಇತ್ತು. ಮೂಗಿನ ಹತ್ತಿರ ಹಿಡಿದರು.

"ಬಣ್ಣ. ಟೀ" ಎಂದರು. "ನಿಮ್ಮ ಮನೇದು. ಏನಿದು?"

ಎಲ್ಲರೂ ಇಸಾಮುವನ್ನು ನೋಡಿದರು. ಗುಂಡಿಯ ಚೂರು ಎನ್ನಬಹುದಿತ್ತು, ಸುಮಿಯೆಯ ಸರದ್ದು ಎನ್ನಬಹುದಿತ್ತು. ಸತ್ತವಳ ಹೆಸರು ನಾಲಿಗೆಯವರೆಗೂ ಬಂದುಬಿಟ್ಟಿತ್ತು. ಅವನು ಹಲ್ಲು ಕಚ್ಚಿದ. ಮಾತು ಕೊಟ್ಟವನು ಸುಮ್ಮನಿರಬೇಕು, ಸುಮ್ಮನಿದ್ದರೆ ಕಳ್ಳ.

"ಟ್ಯಾಂಕಿಂದು" ಎಂದಳು ನಾಗಿಸಾ.

ಅವಳು ತಂದೆಯ ಮುಖವನ್ನೇ ನೋಡುತ್ತಿದ್ದಳು. ಚಾಪೆಯ ಗೆರೆ ಇದ್ದ ಕೆನ್ನೆ, ನೆಲ ಒರೆಸುತ್ತಿದ್ದೇನೆ ಎಂದದ್ದು, ಆ ನಮಸ್ಕಾರ, ಎಲ್ಲ ಒಂದಾದ ಮೇಲೊಂದು ಅವಳ ಮುಖದ ಮೇಲೆ ಹಾದುಹೋದದ್ದನ್ನು ಇಸಾಮು ಕಂಡ. ಬೈಯುತ್ತಾಳೆಂದು ಕಾದ. "ಅದು ಟ್ಯಾಂಕಿನ ಮೂತಿ ಮೇಲೆ ಬರೋ ನಕ್ಷತ್ರ" ಎಂದು ಅವಳು ಕುರೆಬಯಾಶಿಯ ಕಡೆ ತಿರುಗಿ ಹೇಳಿದಳು, ಒಂದೇ ಉಸಿರಿಗೆ. "ಸರಿಯಾಗಿ ಮಧ್ಯದಲ್ಲಿ, ಒಂದು ಮೂಲೆ ನೆಟ್ಟಗೆ ಮೇಲಕ್ಕಿರೋ ಹಾಗೆ ಅಂಟಿಸ್ಬೇಕು, ಸ್ವಲ್ಪ ಸೊಟ್ಟ ಆದ್ರೂ ಅಪ್ಪನಿಗೆ ನಿದ್ದೆ ಬರಲ್ಲ. ಆ ವಾಸನೇನೂ ಉಗುರಿನ ಬಣ್ಣ ಅಲ್ಲ. ನಿಮ್ಮ ಟೀ ಅಪ್ಪ ಕುಡೀಲಿಲ್ಲ. ಟ್ಯಾಂಕಿಗೆ ಮಣ್ಣು ಮಾಡಿದ್ರು. ಅವ್ರು ಹೇಳ್ಬಾರದು ಅಂತ ನಾನೇ ಮಾತು ತಗೊಂಡಿದ್ದೆ."

"ಹಾಗಾದ್ರೆ ಆ ನಮಸ್ಕಾರ?" ಎಂದಳು ಫುಸಾಯೆ.

"ನಕ್ಷತ್ರಕ್ಕೆ" ಎಂದ ಇಸಾಮು. ದನಿ ತನ್ನದೆಂದು ಅವನಿಗೆ ನಂಬಿಕೆಯಾಗಲಿಲ್ಲ. "ನಿಮ್ಮ ಯಜಮಾನರ ಕಾಲಲ್ಲಿ ಇತ್ತು. ತೆಗೆಯೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಅವರು ತಿರುಗಿದ್ರು."

ಶುಹೇಯಿಯ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಸದ್ದಾಯಿತು. ಕುರೆಬಯಾಶಿ ನಕ್ಷತ್ರವನ್ನು ಉಪ್ಪಿನಕಾಯಿಯ ತಟ್ಟೆಯ ಅಂಚಿಗೆ ಇಟ್ಟರು. ಬರಿಗಾಲನ್ನು ಕೋಟಿನ ತುದಿಯಿಂದ ಮುಚ್ಚಿಕೊಂಡರು. ಒಲೆಯ ಮೇಲೆ ಮೀನಿನ ಎಣ್ಣೆ ಕೆಂಡಕ್ಕೆ ಬಿದ್ದು ಚುರ್ ಎನ್ನುವುದು ಕೇಳುತ್ತಿತ್ತು.

"ನಂಗೆ ಜೋಮು ಹಿಡಿದಿತ್ತು" ಎಂದರು.

"ಏನು?"

"ಕಾಲು. ಏಳೋಕ್ಕಾಗ್ಲಿಲ್ಲ. ಹೇಗೋ ತಿರುಗಿದೆ, ತಿರುಗಿದ ರಭಸಕ್ಕೆ ಮುಂದಕ್ಕೆ ಬಿದ್ದೆ. ಬಿದ್ದವನು ನೋಡಿದ್ರೆ ಇವರೂ ಬಿದ್ದಿದ್ರು. ಸುಮ್ಮನಿರೋದು ಚೆನ್ನಾಗಿರಲ್ಲ ಅಂತ ಮಾತಾಡಿದೆ."

ಫುಸಾಯೆ ಗಂಡನನ್ನು ನೋಡಿದಳು, ಇಸಾಮುವನ್ನು ನೋಡಿದಳು. "ನಾನು ಅತ್ತುಬಿಟ್ಟೆ ಕಣ್ರೀ" ಎಂದಳು. "ಇವರ ಜೊತೆ ಇಷ್ಟು ವರ್ಷ ಬಾಳಿದ್ದು ಸಾರ್ಥಕ ಆಯ್ತು ಅಂತ ಅಲ್ಲಿ ಚಾಪೆ ಮೇಲೆ ಅತ್ತೆ. ಇಬ್ರೂ ಸೇರಿ ನನ್ನ ಕಣ್ಣೀರು ದಂಡ ಮಾಡಿದ್ರಿ! ಹುಡುಗಿ ಬರ್ಲಿ ಅಂದದ್ದೂ ಜೋಮಿನ ಮಾತಾ?"

"ಅಲ್ಲ" ಎಂದರು ಕುರೆಬಯಾಶಿ. "ಅದು ಬಾಯಿಗೆ ಬಂದ್ಮೇಲೆ ನೋಡಿದೆ. ಸರಿಯಾಗೇ ಇತ್ತು. ಉಗುಳಲಿಲ್ಲ."

"ಹಾಗಾದ್ರೆ ಈಗ ಮಾಡಿ. ಇಬ್ರೂ. ನೆಟ್ಟಗೆ. ನಾನು ನೋಡ್ತೀನಿ."

ಅಷ್ಟರಲ್ಲಿ ಊಟದ ಪೆಟ್ಟಿಗೆಗಳು ಬಂದವು. ಫುಸಾಯೆ ಅವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಇಬ್ಬರು ಗಂಡಸರು, ಒಬ್ಬರು ಒಂದು ಕಾಲು ಬರಿದಾಗಿ, ಶಾಲೆಯಲ್ಲಿ ಶಿಕ್ಷೆಗೆ ನಿಂತವರ ಹಾಗೆ ಎದುರುಬದುರಾಗಿ ಮಂಡಿಯೂರಿದರು. ಇಸಾಮು ಒಂದು ಮಾತು ಹೇಳಬೇಕಿತ್ತು. ಇಂಥ ಹೊತ್ತಿಗೆ ತಂದೆಯಾದವನು ಹೇಳುವ ಮಾತು ಊರಿಗೆಲ್ಲ ಗೊತ್ತಿರುವಂಥದು, ಇವಳಿಗೆ ಏನೂ ಬರುವುದಿಲ್ಲ, ನಿಮ್ಮ ಕೈಯಲ್ಲಿಟ್ಟಿದ್ದೇನೆ, ಇಷ್ಟೇ. ಆದರೆ ಇವಳಿಗೆ ಏನೂ ಬರುವುದಿಲ್ಲ ಎಂಬುದು ಸುಳ್ಳು. ಯಾವ ಮೂಲೆ ಮೇಲಕ್ಕೆ ಬರಬೇಕೆಂದು ಗೊತ್ತಿತ್ತು ಇವಳಿಗೆ, ಅವನು ಎಂದೂ ಹೇಳಿಕೊಟ್ಟಿರಲಿಲ್ಲ, ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನೋಡಿದ್ದಳು. ಅದನ್ನು ಹೇಳಹೋದ. "ಇವಳು" ಎಂದ. ಮುಂದೆ ಬರಲಿಲ್ಲ. ಬಗ್ಗಿದ.

ಹಣೆ ಚಾಪೆಗೆ ತಗಲಿತು. ಈ ಸಲ ನೆಲದ ಮೇಲೆ ಹುಡುಕುವಂಥದು ಏನೂ ಇರಲಿಲ್ಲ. ಹುಲ್ಲು ಹುಲ್ಲಾಗಿಯೇ ಇತ್ತು, ಕಣ್ಣಿಗೆ ತೀರಾ ಹತ್ತಿರ, ಅದರ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಎದುರಿನ ನೆತ್ತಿ ಎದ್ದುಹೋದದ್ದು ತಿಳಿಯಿತು. ಫುಸಾಯೆ "ಆಯ್ತು, ಸಾಕು, ಈಗ ನಂಬಿದೆ" ಎಂದದ್ದು ಕೇಳಿಸಿತು.

"ಅಪ್ಪಾ, ಏಳು" ಎಂದಳು ನಾಗಿಸಾ, ಬಹಳ ಮೆಲ್ಲಗೆ. "ಮೀನು ಆರಿಹೋಗುತ್ತೆ."

"ಜೋಮು" ಎಂದ ಇಸಾಮು, ತಲೆ ಎತ್ತದೆ.